ಬಿಲ್ಲಿನ ಪಿಡಿಎಫ್ ಎಲ್ಲಿದೆ? ಡೇಟಾಬೇಸ್‌ನಿಂದಲೇ ಕಡತ ತೆರೆಯುವ ಸರಿಯಾದ ದಾರಿ

ತುಮಕೂರು: ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕದ ಆಫೀಸ್ ಅಂದರೆ ಸಾಮಾನ್ಯವಾಗಿ ಒಂದು ಟೇಬಲ್, ಒಂದೆರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಲೆಕ್ಕ ನೋಡಿಕೊಳ್ಳುವವರು ಒಬ್ಬರು. ಖರೀದಿ ಬಿಲ್, ಇ-ವೇ ಬಿಲ್, ತೂಕದ ಚೀಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ, ಕೆಐಎಡಿಬಿ ನಿವೇಶನದ ಕರಾರು ಪತ್ರ ಎಲ್ಲವೂ ಸ್ಕ್ಯಾನ್ ಆಗಿ ಕಂಪ್ಯೂಟರ್ ಸೇರುತ್ತವೆ. ಸೇರಿಸೋದು ಸುಲಭ. ಎರಡು ವರ್ಷ ಬಿಟ್ಟು ಬೇಕಾದಾಗ ಹುಡುಕೋದೇ ಕಷ್ಟ.

ಇದಕ್ಕೆ ಅಂತಲೇ ಹಲವರು ಮೈಕ್ರೋಸಾಫ್ಟ್ ಆಕ್ಸೆಸ್‌ನಂಥ ಡೆಸ್ಕ್‌ಟಾಪ್ ಡೇಟಾಬೇಸ್ ಇಟ್ಟುಕೊಳ್ಳುತ್ತಾರೆ. ಬಿಲ್ ನಂಬರ್ ಹೊಡೆದರೆ ವಿವರ ಬರುತ್ತದೆ, ಪಕ್ಕದ ಬಟನ್ ಒತ್ತಿದರೆ ಬಿಲ್ಲಿನ ಪಿಡಿಎಫ್ಫೇ ತೆರೆದುಕೊಳ್ಳುತ್ತದೆ. ತೊಂದರೆ ಶುರುವಾಗೋದು ಕಂಪ್ಯೂಟರ್ ಬದಲಾಯಿಸಿದ ದಿನ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರ ಬದಲಿಸುವವರು ಈಗ ಹೆಚ್ಚು. ಹೊಸ ಯಂತ್ರಕ್ಕೆ ಡೇಟಾಬೇಸ್ ಬರುತ್ತದೆ, ವಿವರವೂ ಬರುತ್ತದೆ. ಬಟನ್ ಒತ್ತಿದರೆ ಮಾತ್ರ 'ಫೈಲ್ ಸಿಗುತ್ತಿಲ್ಲ' ಎಂಬ ಸಂದೇಶ. ಹೀಗಾಗದಂತೆ ಕಡತ ಜೋಡಿಸುವುದು ಹೇಗೆ ಎಂಬ ವಿವರ ಇಲ್ಲಿದೆ.

ರಿಜಿಸ್ಟರ್ ಬೇರೆ, ಕಟ್ಟು ಬೇರೆ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮ್ ಕಂಡವರಿಗೆ ಈ ವಿಷಯ ಬೇಗ ಅರ್ಥವಾಗುತ್ತದೆ. ಅಲ್ಲಿ ರಿಜಿಸ್ಟರ್ ಒಂದು ಕಡೆ, ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಕಟ್ಟು ಇನ್ನೊಂದು ಕಡೆ. ರಿಜಿಸ್ಟರಿನಲ್ಲಿ ಇರುವುದು ಕಾಗದವಲ್ಲ, ಕಾಗದ ಎಲ್ಲಿದೆ ಎಂಬ ಗುರುತು. ಕಟ್ಟನ್ನು ಬೇರೆ ಕಪಾಟಿಗೆ ಸಾಗಿಸಿ ರಿಜಿಸ್ಟರಿನಲ್ಲಿ ಬರೆಯದಿದ್ದರೆ ಕಾಗದ ಇದ್ದೂ ಇಲ್ಲದಂತೆ.

ಕಂಪ್ಯೂಟರಿಗೆ ಬಂದ ಮೇಲೂ ಈ ಎರಡು ಕೆಲಸ ಬೇರೆ ಬೇರೆಯೇ. ರಾಜ್ಯದಲ್ಲಿ 2000ದ ಸುಮಾರಿಗೆ ಬಂದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳ ವಿವರವನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅದು ರಿಜಿಸ್ಟರ್ ಕೆಲಸ. ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನೇ ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕೆಲಸ ಶುರುವಾದದ್ದು 2024ರಲ್ಲಿ. ಅದು ಕಟ್ಟಿನ ಕೆಲಸ. ಸಣ್ಣ ಘಟಕದ ಡೇಟಾಬೇಸ್‌ನಲ್ಲೂ ಇದೇ ಸೂತ್ರ: ಟೇಬಲ್ ಅಂದರೆ ರಿಜಿಸ್ಟರ್, ಫೋಲ್ಡರ್ ಅಂದರೆ ಕಟ್ಟು.

ಮೂರು ದಾರಿ, ಒಂದೊಂದಕ್ಕೂ ಒಂದು ಮಿತಿ

ಆಕ್ಸೆಸ್‌ನಲ್ಲಿ ಕಡತ ಜೋಡಿಸಲು ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು, ಕಡತವನ್ನೇ ಡೇಟಾಬೇಸ್ ಒಳಗೆ ತುಂಬುವುದು. ಹಳೆಯ 'ಓಎಲ್ಇ ಆಬ್ಜೆಕ್ಟ್' ವಿಧಾನದಲ್ಲಿ ಕಡತದ ಜತೆ ಅದರ ಚಿತ್ರರೂಪವೂ ಸೇರಿಕೊಂಡು ಡೇಟಾಬೇಸ್ ವಿಪರೀತ ಊದಿಕೊಳ್ಳುತ್ತಿತ್ತು. ಆಕ್ಸೆಸ್ 2007ರಲ್ಲಿ ಬಂದ 'ಅಟ್ಯಾಚ್‌ಮೆಂಟ್' ಅದಕ್ಕಿಂತ ವಾಸಿ. ಆದರೆ ಆಕ್ಸೆಸ್‌ನ ಒಂದು ಫೈಲ್ 2 ಜಿಬಿ ದಾಟುವಂತಿಲ್ಲ. ಒಂದು ಪಿಡಿಎಫ್ ಸರಾಸರಿ 500 ಕೆಬಿ ಅಂದುಕೊಂಡರೆ ಸುಮಾರು 4,000 ಕಡತಕ್ಕೆ ಮಿತಿ ಮುಗಿಯುತ್ತದೆ. ದಿನಕ್ಕೆ 10 ಕಾಗದ, ವರ್ಷಕ್ಕೆ 300 ಕೆಲಸದ ದಿನ ಅಂತ ಲೆಕ್ಕ ಹಾಕಿದರೆ ಒಂದು ವರ್ಷ ನಾಲ್ಕು ತಿಂಗಳಿಗೆ ಡೇಟಾಬೇಸ್ ಭರ್ತಿ. ಕೆಲವು ಕಡತ ಅಳಿಸಿದರೂ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಕೊಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ಡೇಟಾಬೇಸ್ ಕೆಟ್ಟರೆ ಲೆಕ್ಕದ ಜತೆಗೆ ಕಾಗದವೂ ಹೋಗುತ್ತದೆ.

ಎರಡನೆಯದು, 'ಹೈಪರ್‌ಲಿಂಕ್' ಎಂಬ ಫೀಲ್ಡ್. ಕಡತ ಹೊರಗಿರುತ್ತದೆ, ಟೇಬಲ್‌ನಲ್ಲಿ ಅದರ ವಿಳಾಸ ಮಾತ್ರ. ಕ್ಲಿಕ್ ಮಾಡಿದರೆ ತೆರೆಯುತ್ತದೆ. ನೋಡಲು ಸುಲಭ, ಆದರೆ ಒಳಗೊಂದು ಕೊಕ್ಕೆ ಇದೆ. ಆಕ್ಸೆಸ್ ಈ ಫೀಲ್ಡ್‌ನಲ್ಲಿ ಕಾಣುವ ಹೆಸರು, ವಿಳಾಸ, ಉಪವಿಳಾಸ ಇವನ್ನು ಹ್ಯಾಶ್ ಚಿಹ್ನೆ ಹಾಕಿ ಬೇರ್ಪಡಿಸಿ ಇಡುತ್ತದೆ. ಬಿಲ್ ನಂಬರಿಗೆ ಹ್ಯಾಶ್ ಹಾಕುವ ಅಭ್ಯಾಸ ಇದ್ದು, ಫೈಲಿನ ಹೆಸರಲ್ಲೂ ಅದು ಬಂದರೆ ವಿಳಾಸ ಅಲ್ಲಿಗೇ ತುಂಡಾಗುತ್ತದೆ. ಕಡತ ಕಣ್ಣೆದುರೇ ಇದ್ದರೂ ತೆರೆಯೋದಿಲ್ಲ.

ಮೂರನೆಯದು, ವಿಳಾಸವನ್ನು ಸಾದಾ ಪಠ್ಯವಾಗಿ ಟೇಬಲ್‌ನಲ್ಲಿಟ್ಟು, ತೆರೆಯುವ ಕೆಲಸವನ್ನು ಬಟನ್‌ಗೆ ವಹಿಸುವುದು. ಆರಂಭದಲ್ಲಿ ಅರ್ಧ ದಿನದ ಕೆಲಸ ಜಾಸ್ತಿ. ಆದರೆ ವರ್ಷಗಟ್ಟಲೆ ಬಾಳುವುದು ಇದೇ.

ವಿಳಾಸದ ತಲೆ ಒಂದು ಕಡೆ, ಬಾಲ ಒಂದು ಕಡೆ

ಕಂಪ್ಯೂಟರ್ ಬದಲಾದಾಗ ಲಿಂಕ್ ಮುರಿಯಲು ಕಾರಣ ಪೂರ್ತಿ ವಿಳಾಸ ಬರೆದಿಡುವುದು. ಹಳೆಯ ಯಂತ್ರದಲ್ಲಿ 'ಡಿ ಡ್ರೈವ್ > ಕಡತ > 2025-26 > ಖರೀದಿ' ಅಂತ ಇದ್ದ ಜಾಗ ಹೊಸ ಯಂತ್ರದಲ್ಲಿ 'ಸಿ ಡ್ರೈವ್' ಆಗಿರಬಹುದು. ಪೆನ್‌ಡ್ರೈವ್ ಆದರೆ ಅದರ ಅಕ್ಷರ ಇವತ್ತು 'ಇ', ನಾಳೆ 'ಎಫ್'. ಸಾವಿರಾರು ಸಾಲುಗಳಲ್ಲಿ ಬರೆದ ವಿಳಾಸ ಒಂದೇ ಏಟಿಗೆ ಸುಳ್ಳಾಗುತ್ತದೆ.

ಹಾಗಾಗಿ ವಿಳಾಸವನ್ನು ಎರಡು ಭಾಗ ಮಾಡಬೇಕು. 'ಡಿ ಡ್ರೈವ್ > ಕಡತ' ಎಂಬ ತಲೆಭಾಗವನ್ನು 'ಸೆಟ್ಟಿಂಗ್' ಎಂಬ ಬೇರೆ ಟೇಬಲ್‌ನಲ್ಲಿ ಒಂದೇ ಒಂದು ಸಾಲಾಗಿ ಇಡಬೇಕು. '2025-26 > ಖರೀದಿ > ಫೈಲಿನ ಹೆಸರು' ಎಂಬ ಬಾಲಭಾಗ ಮಾತ್ರ ಬಿಲ್ಲಿನ ಸಾಲಿನಲ್ಲಿರಬೇಕು. ಬಟನ್ ಒತ್ತಿದಾಗ ಎರಡೂ ಕೂಡಿಕೊಂಡು ಪೂರ್ತಿ ವಿಳಾಸ ಆಗುತ್ತದೆ. ಕಂಪ್ಯೂಟರ್ ಬದಲಾದರೆ ಸೆಟ್ಟಿಂಗ್‌ನ ಒಂದು ಸಾಲು ತಿದ್ದಿದರೆ ಸಾಕು, ಎಲ್ಲ ಲಿಂಕ್ ಸರಿಹೋಗುತ್ತವೆ.

ಡೇಟಾಬೇಸ್ ಮತ್ತು ಕಡತದ ಫೋಲ್ಡರ್ ಒಂದೇ ಜಾಗದಲ್ಲಿದ್ದರೆ ಈ ಸೆಟ್ಟಿಂಗ್ ಕೂಡ ಬೇಡ. 'ಕರೆಂಟ್‌ಪ್ರಾಜೆಕ್ಟ್ ಡಾಟ್ ಪಾತ್' ಎಂಬ ಆಜ್ಞೆ ಡೇಟಾಬೇಸ್ ಇರುವ ಜಾಗವನ್ನು ತಾನೇ ಹೇಳುತ್ತದೆ. ಆದರೆ ಡೇಟಾಬೇಸನ್ನು ಎರಡು ಭಾಗ ಮಾಡಿ, ಟೇಬಲ್‌ಗಳನ್ನು ಒಂದು ಕಂಪ್ಯೂಟರಿನಲ್ಲೂ ಫಾರಂಗಳನ್ನು ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಟ್ಟಿದ್ದರೆ ಈ ಆಜ್ಞೆ ಫಾರಂ ಇರುವ ಜಾಗವನ್ನು ತೋರಿಸುತ್ತದೆ. ಅಂಥ ಕಡೆ ಸೆಟ್ಟಿಂಗ್ ಟೇಬಲ್ಲೇ ಸರಿ.

ಆಫೀಸಿನಲ್ಲಿ ಎರಡು-ಮೂರು ಕಂಪ್ಯೂಟರ್ ಇದ್ದರೆ ಇನ್ನೊಂದು ಎಚ್ಚರ. ಒಂದು ಯಂತ್ರದಲ್ಲಿ 'ಝಡ್ ಡ್ರೈವ್' ಅಂತ ಜೋಡಿಸಿದ ಹಂಚಿಕೆಯ ಫೋಲ್ಡರ್ ಇನ್ನೊಂದರಲ್ಲಿ ಬೇರೆ ಅಕ್ಷರ ಪಡೆದಿರಬಹುದು. ಡ್ರೈವ್ ಅಕ್ಷರದ ಬದಲು ಎರಡು ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ, ಕಂಪ್ಯೂಟರಿನ ಹೆಸರೇ ಇರುವ ನೆಟ್‌ವರ್ಕ್ ವಿಳಾಸ ಕೊಟ್ಟರೆ ಎಲ್ಲ ಯಂತ್ರದಲ್ಲೂ ಒಂದೇ ಥರ ತೆರೆಯುತ್ತದೆ.

ಟೇಬಲ್‌ನಲ್ಲಿ ಏನೇನಿರಬೇಕು

ಒಂದು ಬಿಲ್ಲಿಗೆ ಒಂದೇ ಕಡತ ಇರುತ್ತದೆ ಅಂತ ನಂಬುವಂತಿಲ್ಲ. ಬಿಲ್, ಇ-ವೇ ಬಿಲ್, ತೂಕದ ಚೀಟಿ, ಸರಕು ತಲುಪಿದ ಸಹಿ ಹೀಗೆ ನಾಲ್ಕಾದರೂ ಸೇರುತ್ತವೆ. ಆದ್ದರಿಂದ ಬಿಲ್ಲಿನ ಟೇಬಲ್‌ಗೆ 'ಫೈಲ್ 1, ಫೈಲ್ 2' ಅಂತ ಕಾಲಂ ಸೇರಿಸುತ್ತಾ ಹೋಗಬಾರದು. ಕಡತಕ್ಕೆ ಅಂತಲೇ ಬೇರೆ ಟೇಬಲ್ ಇರಲಿ. ಅದರಲ್ಲಿ ಇಷ್ಟು ಸಾಕು:

- ಕಡತದ ಕ್ರಮಸಂಖ್ಯೆ
- ಯಾವ ಬಿಲ್ಲಿಗೆ ಅಥವಾ ಯಾವ ಪರವಾನಗಿಗೆ ಸೇರಿದ್ದು
- ಕಡತದ ಬಗೆ
- ಕಾಗದದ ದಿನಾಂಕ, ಪರವಾನಗಿ ಆದರೆ ಮುಗಿಯುವ ದಿನಾಂಕ
- ಕನ್ನಡದಲ್ಲಿ ಒಂದು ಸಾಲಿನ ವಿವರ
- ವಿಳಾಸದ ಬಾಲಭಾಗ
- ಮೂಲ ಕಾಗದ ಯಾವ ಬೀರುವಿನ ಯಾವ ಫೈಲಿನಲ್ಲಿದೆ

ಮುಗಿಯುವ ದಿನಾಂಕದ ಕಾಲಂ ಇದ್ದರೆ ಇನ್ನೊಂದು ಲಾಭ ಇದೆ. ಮುಂದಿನ 60 ದಿನದಲ್ಲಿ ಮುಗಿಯುವ ಪರವಾನಗಿಗಳ ಪಟ್ಟಿಯನ್ನು ಒಂದು ಕ್ವೆರಿ ತೆಗೆದುಕೊಡುತ್ತದೆ. ತೂಕದ ಯಂತ್ರದ ಮುದ್ರೆಯಂಥವು ಮರೆತುಹೋಗುವುದು ತಪ್ಪುತ್ತದೆ.

ತೆರೆಯುವ ಬಟನ್ ಎರಡು ಹೆಜ್ಜೆಯಲ್ಲಿ ಕೆಲಸ ಮಾಡಬೇಕು. ಮೊದಲು ಆ ವಿಳಾಸದಲ್ಲಿ ಕಡತ ಇದೆಯೇ ಅಂತ ನೋಡಬೇಕು. ಇಲ್ಲದಿದ್ದರೆ ಯಾವ ವಿಳಾಸದಲ್ಲಿ ಹುಡುಕಿದ್ದು ಎಂದು ತೋರಿಸಬೇಕು. ಇದ್ದರೆ 'ಅಪ್ಲಿಕೇಶನ್ ಡಾಟ್ ಫಾಲೋ ಹೈಪರ್‌ಲಿಂಕ್' ಎಂಬ ಆಜ್ಞೆಯಿಂದ ತೆರೆಯಬೇಕು. ಪಿಡಿಎಫ್ ಆದರೆ ಪಿಡಿಎಫ್ ಓದುವ ತಂತ್ರಾಂಶದಲ್ಲಿ, ಎಕ್ಸೆಲ್ ಆದರೆ ಎಕ್ಸೆಲ್‌ನಲ್ಲಿ ತಾನಾಗಿ ತೆರೆಯುತ್ತದೆ. ಹ್ಯಾಶ್ ಚಿಹ್ನೆಯ ತಕರಾರು ಈ ಆಜ್ಞೆಗೂ ಇರುವುದರಿಂದ ಫೈಲಿನ ಹೆಸರಲ್ಲಿ ಅದು ಬೇಡವೇ ಬೇಡ.

ಆಕ್ಸೆಸ್ ಖರೀದಿಸದವರಿಗೆ ಉಚಿತ ಲಿಬ್ರೆ ಆಫೀಸ್‌ನ 'ಬೇಸ್' ಇದೆ. ಅಲ್ಲೂ ವಿಳಾಸವನ್ನು ಪಠ್ಯವಾಗಿಟ್ಟು ಸಣ್ಣ ಮ್ಯಾಕ್ರೊದಿಂದ ತೆರೆಯುವುದೇ ಅನುಕೂಲ.

ಕನ್ನಡದ ಹೆಸರಿಟ್ಟರೆ?

ಇಲ್ಲಿ ಕನ್ನಡದವರಿಗೇ ವಿಶೇಷವಾದ ತೊಡಕೊಂದಿದೆ. ಆಕ್ಸೆಸ್ ಟೇಬಲ್‌ನಲ್ಲಿ ಯುನಿಕೋಡ್ ಕನ್ನಡ ಚೆನ್ನಾಗಿ ಕೂರುತ್ತದೆ, ಹುಡುಕಲೂ ಬರುತ್ತದೆ. ಆದರೆ ಒಳಗಿನ ವಿಬಿಎ ಕೋಡ್ ಬರೆಯುವ ಕಿಟಕಿ ಯುನಿಕೋಡ್ ಅಲ್ಲ. ಅಲ್ಲಿ ಕನ್ನಡ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಫೈಲ್ ಇದೆಯೇ ಅಂತ ನೋಡುವ 'ಡಿರ್' ಆಜ್ಞೆಗೂ ಕನ್ನಡದ ಫೈಲ್ ಹೆಸರು ಅರ್ಥವಾಗುವುದಿಲ್ಲ. ಕಡತ ಇದ್ದರೂ ಇಲ್ಲ ಅನ್ನುತ್ತದೆ. 'ಫೈಲ್ ಸಿಸ್ಟಮ್ ಆಬ್ಜೆಕ್ಟ್' ಬಳಸಿದರೆ ಈ ತೊಂದರೆ ಇಲ್ಲ.

ಅದಕ್ಕಿಂತ ಸರಳ ಉಪಾಯ, ಫೋಲ್ಡರ್ ಮತ್ತು ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಯಲ್ಲಿ ಚಿಕ್ಕದಾಗಿ ಇಡುವುದು, ವಿವರವನ್ನು ಟೇಬಲ್‌ನಲ್ಲಿ ಕನ್ನಡದಲ್ಲಿ ಬರೆಯುವುದು. ಹೆಸರು ಚಿಕ್ಕದಿರಬೇಕು ಅನ್ನುವುದಕ್ಕೂ ಕಾರಣವಿದೆ. ಫೋಲ್ಡರ್ ಎಲ್ಲ ಸೇರಿ ವಿಳಾಸ 260 ಅಕ್ಷರ ಮುಟ್ಟಿದರೆ ವಿಂಡೋಸ್‌ನ ಹಲವು ತಂತ್ರಾಂಶಗಳು ಆ ಕಡತವನ್ನು ತೆರೆಯುವುದಿಲ್ಲ.

ನುಡಿ ಅಥವಾ ಬರಹದಲ್ಲಿ ಹಳೆಯ ಫಾಂಟ್ ವಿಧಾನದಲ್ಲಿ ಟೈಪ್ ಮಾಡುವವರು ಇನ್ನೊಂದು ಗಮನಿಸಬೇಕು. ಆ ಅಕ್ಷರ ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಚಿಹ್ನೆಗಳ ಸಾಲು. ಅರ್ಧ ದಾಖಲೆ ಹಳೆಯ ಫಾಂಟಿನಲ್ಲಿ, ಅರ್ಧ ಯುನಿಕೋಡ್‌ನಲ್ಲಿ ಇದ್ದರೆ ಒಂದೇ ಪದ ಹುಡುಕಿದಾಗ ಅರ್ಧ ಮಾತ್ರ ಸಿಗುತ್ತದೆ. ಎರಡೂ ತಂತ್ರಾಂಶದಲ್ಲಿ ಯುನಿಕೋಡ್ ಆಯ್ಕೆ ಇದೆ, ಡೇಟಾಬೇಸ್‌ಗೆ ಅದನ್ನೇ ಬಳಸಬೇಕು.

ಕಾನೂನು ಏನು ಹೇಳುತ್ತದೆ

ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ನೋಂದಾಯಿತ ವ್ಯಾಪಾರಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಉದಾಹರಣೆಗೆ 2024-25ರ ರಿಟರ್ನ್‌ಗೆ 2025ರ ಡಿಸೆಂಬರ್ 31 ಕೊನೆ ದಿನ ಎಂದಾದರೆ, ಆ ವರ್ಷದ ಬಿಲ್‌ಗಳು 2031ರ ಡಿಸೆಂಬರ್ ಅಂತ್ಯದವರೆಗೂ ಸಿಗಬೇಕು. ಮೇಲ್ಮನವಿ, ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. ಅಷ್ಟರಲ್ಲಿ ಕಂಪ್ಯೂಟರ್ ಒಮ್ಮೆಯಾದರೂ ಬದಲಾಗಿರುತ್ತದೆ.

ಜಿಎಸ್‌ಟಿ ನಿಯಮಗಳ 57ನೇ ನಿಯಮ ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆ ಅಂತಲೇ ಇದೆ. ಅವಘಡದಲ್ಲಿ ದಾಖಲೆ ನಾಶವಾದರೂ ತಕ್ಕ ಸಮಯದೊಳಗೆ ಮತ್ತೆ ಪಡೆಯುವಂತೆ ಬ್ಯಾಕಪ್ ಇರಬೇಕು. ಅಧಿಕಾರಿ ಕೇಳಿದಾಗ ದೃಢೀಕರಿಸಿದ ದಾಖಲೆಯನ್ನು ಮುದ್ರಿಸಿ ಅಥವಾ ಓದಬಲ್ಲ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಬೇಕು. ಫೈಲ್‌ಗಳ ವಿವರ, ಪಾಸ್‌ವರ್ಡ್, ಬಳಸಿದ ಸಂಕೇತಗಳ ಅರ್ಥವನ್ನೂ ಕೇಳಿದರೆ ಕೊಡಬೇಕು. ಅಂದರೆ ಫೈಲಿಗೆ ಹೆಸರಿಡುವ ಪದ್ಧತಿ ಲೆಕ್ಕ ಬರೆಯುವ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಸಾಲದು. ಒಂದು ಹಾಳೆಯಲ್ಲಿ ಬರೆದು ಫೋಲ್ಡರಿನಲ್ಲೇ ಇಡಬೇಕು. ಅವರು ಕೆಲಸ ಬಿಟ್ಟುಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ.

ರಿಟರ್ನ್ ಪರಿಶೀಲನೆಯಲ್ಲಿ ವ್ಯತ್ಯಾಸ ಕಂಡರೆ ಬರುವ ಎಎಸ್‌ಎಂಟಿ-10 ನೋಟಿಸ್‌ಗೆ ಸಾಮಾನ್ಯವಾಗಿ 30 ದಿನದೊಳಗೆ ವಿವರಣೆ ಕೊಡಬೇಕು. ಇಪ್ಪತ್ತು ದಿನ ಕಾಗದ ಹುಡುಕುವುದರಲ್ಲೇ ಕಳೆದರೆ ಉತ್ತರ ಬರೆಯಲು ಉಳಿಯುವುದು ಹತ್ತೇ ದಿನ.

ಬ್ಯಾಕಪ್: ಎರಡನ್ನೂ, ಒಟ್ಟಿಗೆ

ಡೇಟಾಬೇಸ್ ಫೈಲನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬ್ಯಾಕಪ್ ಆಯಿತು ಅನ್ನುವವರು ಬಹಳ. ಕಡತ ಹೊರಗಿದ್ದ ಮೇಲೆ ಅದು ರಿಜಿಸ್ಟರ್ ಇದ್ದು ಕಟ್ಟು ಇಲ್ಲದ ಸ್ಥಿತಿ. ಡೇಟಾಬೇಸ್ ಮತ್ತು ಕಡತದ ಫೋಲ್ಡರ್ ಎರಡನ್ನೂ ಒಂದೇ ದಿನ, ಒಟ್ಟಿಗೆ ನಕಲು ಮಾಡಬೇಕು. ಒಂದು ನಕಲು ಘಟಕದ ಹೊರಗೆ, ಮನೆಯಲ್ಲೋ ಬೇರೆ ಕಡೆಯೋ ಇರಲಿ.

ಎಲ್ಲರೂ ಕೆಲಸ ಮಾಡುತ್ತಿರುವ ಆಕ್ಸೆಸ್ ಫೈಲನ್ನು ಒನ್‌ಡ್ರೈವ್, ಗೂಗಲ್ ಡ್ರೈವ್‌ನಂಥ ಸಿಂಕ್ ಆಗುವ ಫೋಲ್ಡರಿನಲ್ಲಿ ಇಡಬಾರದು. ವೈಫೈ ಮೇಲೆ ಹಂಚಿಕೊಂಡು ಬಳಸುವುದೂ ಅಪಾಯ, ನಡುವೆ ಸಂಪರ್ಕ ಕಡಿದರೆ ಫೈಲ್ ಕೆಡಬಹುದು. ತಂತಿಯ ನೆಟ್‌ವರ್ಕ್ ವಾಸಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಇದೇ ಗತಿ, ಆದ್ದರಿಂದ ಟೇಬಲ್ ಇರುವ ಕಂಪ್ಯೂಟರಿಗೆ ಯುಪಿಎಸ್ ಬೇಕು.

ಕೊನೆಗೆ ತಿಂಗಳಿಗೊಂದು ಪರೀಕ್ಷೆ. ಟೇಬಲ್‌ನಲ್ಲಿರುವ ಪ್ರತಿ ವಿಳಾಸವನ್ನೂ ನೋಡಿ, ಕಡತ ಸಿಗದ ಸಾಲುಗಳನ್ನು ಮಾತ್ರ ಪಟ್ಟಿ ಮಾಡುವ ಬಟನ್ ಒಂದಿರಲಿ. ತಿಂಗಳ ಮೊದಲ ದಿನ ಅದನ್ನು ಒತ್ತಬೇಕು. ಯಾರೋ ಹೆಸರು ಬದಲಿಸಿದ, ಬೇರೆ ಫೋಲ್ಡರಿಗೆ ಎಳೆದುಹಾಕಿದ ಕಡತ ಆಗಲೇ ಗೊತ್ತಾದರೆ ನೆನಪಿನ ಮೇಲೆ ಸರಿಮಾಡಬಹುದು. ವರ್ಷಕ್ಕೊಮ್ಮೆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ, ಸೆಟ್ಟಿಂಗ್‌ನ ಒಂದು ಸಾಲು ತಿದ್ದಿ, ಯಾವುದಾದರೂ ಹತ್ತು ಹಳೆಯ ಬಿಲ್ ತೆರೆದು ನೋಡಬೇಕು. ಹತ್ತೂ ತೆರೆದರೆ ಹೊಸ ಯಂತ್ರ ಬಂದ ದಿನವೂ ತೆರೆಯುತ್ತವೆ.