ಓದು ಕೊಟ್ಟ, ಓಟು ಕೊಡಲಿಲ್ಲ!

ಮುಂಬೈ ಲೋಕಲ್‌ನಲ್ಲಿ ಪುಸ್ತಕ ಓದುವುದು ನನ್ನ ಹಳೇ ಚಟ. ಈ ವಾರ ಜೊತೆಗಿದ್ದವನು ಫ್ರಾನ್ಸಿನ ಫ್ರಾನ್ಸ್ವಾ ಗಿಜೋ (1787-1874).

1794ರಲ್ಲಿ ಅವನ ಅಪ್ಪನನ್ನು ಕ್ರಾಂತಿಕಾರಿಗಳು ಗಿಲೊಟಿನ್‌ಗೆ ಕೊಟ್ಟರು. ಹುಡುಗನಿಗೆ ಆಗ ಆರು ವರ್ಷ. ತಾಯಿ ಜಿನೀವಾಕ್ಕೆ ಕರೆದೊಯ್ದು ಓದಿಸಿದಳು. 1812ರಲ್ಲಿ ಸೋರ್ಬೋನ್‌ನಲ್ಲಿ ಇತಿಹಾಸದ ಪ್ರೊಫೆಸರ್ ಆದ. 1822ರಲ್ಲಿ ಸರ್ಕಾರ ಅವನ ಪಾಠ ನಿಲ್ಲಿಸಿತು, 1828ರಲ್ಲಿ ಮತ್ತೆ ಶುರುವಾಯಿತು. ಚರ್ಚು, ಅರಸರು, ಪಾಳೆಯಗಾರರು, ಪಟ್ಟಣಗಳು... ಇವರಲ್ಲಿ ಯಾರೊಬ್ಬರೂ ಪೂರ್ತಿ ಗೆಲ್ಲಲಿಲ್ಲ, ಆ ಗುದ್ದಾಟದಿಂದಲೇ ಯುರೋಪ್ ಬೆಳೆಯಿತು ಎಂದು ಹೇಳಿಕೊಟ್ಟ. ಕೇಳಲು ಕೂತವರಲ್ಲಿ ಯುವಕ ತೊಕ್ವಿಲ್ ಕೂಡ ಇದ್ದ.

ಶಿಕ್ಷಣ ಮಂತ್ರಿಯಾಗಿ 1833ರಲ್ಲಿ ಊರೂರಿಗೂ ಗಂಡುಮಕ್ಕಳ ಪ್ರಾಥಮಿಕ ಶಾಲೆ ಬೇಕೆಂದು ಕಾಯಿದೆ ತಂದ. ಆದರೆ ಓಟು? ವರ್ಷಕ್ಕೆ 200 ಫ್ರಾಂಕ್ ನೇರ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ! ಅದನ್ನು ಸಡಿಲಿಸಲು ಕೊನೆತನಕ ಒಪ್ಪಲಿಲ್ಲ. 1848ರ ಫೆಬ್ರವರಿಯಲ್ಲಿ ಪ್ಯಾರಿಸ್ ಎದ್ದಿತು. ಗಿಜೋನ ಕುರ್ಚಿ ಹೋಯಿತು, ಮರುದಿನ ರಾಜನ ಸಿಂಹಾಸನವೂ ಹೋಯಿತು.

ಯಾರೊಬ್ಬರೂ ಪೂರ್ತಿ ಗೆಲ್ಲಬಾರದು ಎಂಬ ಪಾಠ ಕಲಿಸಿದ ಮೇಷ್ಟ್ರೇ ಬಾಗಿಲು ಹಾಕಿ ಕೂತಿದ್ದೇಕೆ? ಗುಂಪು ಎಂದರೆ ಅವನಿಗೆ ಅಪ್ಪನ ಸಾವೇ ನೆನಪಾಗುತ್ತಿತ್ತೇನೋ ಅಂತ ನನಗನ್ನಿಸುತ್ತದೆ. ಭಯ ಅರ್ಥವಾಗುತ್ತದೆ. ಆದರೆ ಅಕ್ಷರ ಕಲಿತವನು ನಾಳೆ ಪ್ರಶ್ನೆ ಕೇಳಿಯೇ ಕೇಳುತ್ತಾನಲ್ಲವೇ? ನೀವೇನಂತೀರಿ?