ಯೆರಿಕೋ ದಾರಿಯಲ್ಲಿ ಕುರುಡರೆಷ್ಟು ಮಂದಿ?

ಯೇಸು ಯೆರಿಕೋ ಪಟ್ಟಣ ಬಿಟ್ಟು ಹೊರಟಿದ್ದಾಗ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಬಾರ್ತಿಮಾಯನೆಂಬ ಕುರುಡ ಕೂಗಿ ಕರೆದು ಕಣ್ಣು ಪಡೆದ ಎನ್ನುತ್ತದೆ ಮಾರ್ಕನ ಸುವಾರ್ತೆ. ಲೂಕನಲ್ಲಿ ಇದು ನಡೆಯುವುದು ಯೇಸು ಊರು ಸಮೀಪಿಸುವಾಗ. ಕುರುಡನಿಗೆ ಹೆಸರೂ ಇಲ್ಲ. ಮತ್ತಾಯನಲ್ಲಿ ಹೊರಡುವಾಗಲೇ, ಆದರೆ ಕುರುಡರು ಇಬ್ಬರು. ಯೋಹಾನ ಈ ಪ್ರಸಂಗವನ್ನೇ ಎತ್ತುವುದಿಲ್ಲ. ಬರಿದಾದ ಸಮಾಧಿಯ ಬಳಿ ಕಾಣಿಸಿಕೊಂಡ ದೂತರು ಒಬ್ಬರೋ ಇಬ್ಬರೋ, ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ್ದು ಸೇವೆಯ ಆರಂಭದಲ್ಲೋ ಕೊನೆಯಲ್ಲೋ ಎಂಬಲ್ಲೂ ನಾಲ್ವರ ಮಾತು ಒಂದಾಗಿಲ್ಲ. ಈ ವ್ಯತ್ಯಾಸಗಳನ್ನು ಹೇಗೆ ಓದಬೇಕೆಂಬ ಚರ್ಚೆಗೆ ಹದಿನೆಂಟು ಶತಮಾನಗಳ ವಯಸ್ಸಾಗಿದೆ.

ಮೊದಲ ಉತ್ತರ ಹೆಣಿಗೆಯದು. ತಾತಿಯಾನ ಎಂಬ ವಿದ್ವಾಂಸ ಕ್ರಿ.ಶ. ಸುಮಾರು 170ರಲ್ಲಿ ನಾಲ್ಕು ಸುವಾರ್ತೆಗಳನ್ನೂ ಬಿಡಿಸಿ, ವಂಶಾವಳಿಗಳನ್ನು ಕೈಬಿಟ್ಟು, ಒಂದೇ ಕಥನವಾಗಿ ಹೊಸೆದ. 'ದಿಯಾತೆಸ್ಸರೋನ್' ಎಂಬ ಆ ಗ್ರಂಥವನ್ನು ಸಿರಿಯಾಕ್ ಭಾಷೆಯ ಸಭೆಗಳು ಐದನೇ ಶತಮಾನದವರೆಗೂ ಆರಾಧನೆಯಲ್ಲಿ ಓದುತ್ತಿದ್ದವು. ಕೊನೆಗೆ ಥಿಯೋಡೊರೆಟ್ ಎಂಬ ಬಿಷಪ್ ತನ್ನ ಪ್ರಾಂತ್ಯದಲ್ಲಿ ಅದರ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ಅವುಗಳ ಜಾಗದಲ್ಲಿ ನಾಲ್ಕು ಸುವಾರ್ತೆಗಳನ್ನು ಇರಿಸಿದ. ಒಂದೇ ಪುಸ್ತಕವಾಗಿದ್ದರೆ ಸಭೆಗೆ ಎಷ್ಟೋ ಸಲೀಸಾಗುತ್ತಿತ್ತು. ಆದರೂ ಅದು ನಾಲ್ಕು ದನಿಗಳನ್ನೇ ಉಳಿಸಿಕೊಂಡಿತು. ಆ ತೀರ್ಮಾನದ ಧೈರ್ಯವನ್ನು ಮೆಚ್ಚಲೇಬೇಕು.

ಉಳಿಸಿಕೊಂಡ ಮೇಲೆ ಸಮರ್ಥನೆಯ ಹೊಣೆಯೂ ಬಂತು. ಮರಿಯಳ ಗಂಡ ಯೋಸೇಫನ ತಂದೆ ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲೀ. ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಮದುವೆಯಾಗುವ ಯೆಹೂದ್ಯರ ಪದ್ಧತಿಯಿಂದ ಇಬ್ಬರು ತಂದೆಯರಾದರೆಂದು ಮೂರನೇ ಶತಮಾನದ ಜೂಲಿಯಸ್ ಆಫ್ರಿಕಾನಸ್ ವಿವರಿಸಿದ. ಅವನ ಕಾಲದವನೇ ಆದ ಒರಿಜೆನ್ ಇನ್ನೂ ಮುಂದೆ ಹೋದ: ಅಕ್ಷರಶಃ ಇತಿಹಾಸವನ್ನೇ ಹಿಡಿದು ಕೂತರೆ ತಲೆ ತಿರುಗೀತು, ಕೆಲವು ಕಡೆ ಸತ್ಯವಿರುವುದು ಒಳಾರ್ಥದಲ್ಲಿ ಎಂದ. ಸುಮಾರು 400ರಲ್ಲಿ ಆಗಸ್ಟೀನ್ ಇದಕ್ಕೆಂದೇ ಒಂದು ಗ್ರಂಥ ಬರೆದ. ಬಾರ್ತಿಮಾಯ ಜನಕ್ಕೆ ಗೊತ್ತಿದ್ದವನು, ಆದ್ದರಿಂದ ಮಾರ್ಕ ಇಬ್ಬರಲ್ಲಿ ಅವನೊಬ್ಬನನ್ನೇ ಹೆಸರಿಸಿದ ಎಂಬುದು ಅವನ ವಿವರಣೆ.

ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ ಈ ಹಟ ತುದಿ ಮುಟ್ಟಿತು. 1537ರಲ್ಲಿ ಜರ್ಮನಿಯ ಆಸಿಯಾಂಡರ್, ವಿವರ ಬೇರೆಯಾದರೆ ಘಟನೆಯೇ ಬೇರೆ ಎಂದು ಪಟ್ಟು ಹಿಡಿದು, ಯೇಸು ಬದುಕಿಸಿದ ಯಾಯೀರನ ಮಗಳು ಒಂದಕ್ಕಿಂತ ಹೆಚ್ಚು ಸಲ ಸತ್ತು ಬದುಕಿದಳೆಂದು ಹೇಳಬೇಕಾಯಿತು. ಕ್ಯಾಲ್ವಿನ್ 1555ರಲ್ಲಿ ಹೆಚ್ಚು ಸಂಯಮದಿಂದ ಯೆರಿಕೋ ಕಥೆಯನ್ನು ಬಿಡಿಸಿದ: ಕುರುಡ ಯೇಸು ಊರಿಗೆ ಬರುವಾಗಲೇ ಕೂಗಿದ್ದ, ಗದ್ದಲದಲ್ಲಿ ಕೇಳಿಸಲಿಲ್ಲ, ಹೊರಡುವಾಗ ಕೇಳಿಸಿತು. ಜಾಣ ಊಹೆ ಹೌದು. ಆದರೆ ಆ ಕಥೆ ಈಗ ಮಾರ್ಕನದೂ ಅಲ್ಲ, ಲೂಕನದೂ ಅಲ್ಲ. ಯಾರೂ ಬರೆಯದ ಐದನೆಯ ಸುವಾರ್ತೆ.

ಹದಿನೆಂಟನೇ ಶತಮಾನದಲ್ಲಿ ವ್ಯತ್ಯಾಸಗಳು ಆಯುಧವಾದವು. ಹ್ಯಾಂಬರ್ಗಿನ ರೈಮಾರಸ್ ಪುನರುತ್ಥಾನದ ವರದಿಗಳಲ್ಲಿ ಹತ್ತು ವಿರೋಧಗಳನ್ನು ಪಟ್ಟಿ ಮಾಡಿದ್ದ. ಅವನು ತೀರಿಕೊಂಡ ಮೇಲೆ ಸಾಹಿತಿ ಲೆಸ್ಸಿಂಗ್ ಅವನ ಹೆಸರು ಮರೆಮಾಚಿ ಆ ಬರಹಗಳನ್ನು ಅಚ್ಚು ಹಾಕಿಸಿದ. ಅದೇ ಹೊತ್ತಿಗೆ, 1776ರಲ್ಲಿ, ಗ್ರೀಸ್‌ಬಾಖ್ ಮತ್ತಾಯ, ಮಾರ್ಕ, ಲೂಕರನ್ನು ಅಕ್ಕಪಕ್ಕದ ಕಾಲಂಗಳಲ್ಲಿ ಮುದ್ರಿಸಿದ. ಬೆಸೆಯದೆ, ಬರೀ ಹೋಲಿಸಲೆಂದು ಎದುರುಬದುರು ಇಟ್ಟ ಈ ಸರಳ ಪುಟವಿನ್ಯಾಸವೇ ಮುಂದಿನ ಸಂಶೋಧನೆಗೆಲ್ಲ ಅಡಿಪಾಯ. 1835ರಲ್ಲಿ ಯೇಸುವಿನ ಜೀವನದ ಬಗ್ಗೆ ಪುಸ್ತಕ ಬರೆದ ಸ್ಟ್ರೌಸ್ ಅದರಿಂದಾಗಿ ಟ್ಯೂಬಿಂಗನ್‌ನಲ್ಲಿ ಕೆಲಸ ಕಳೆದುಕೊಂಡ. ಮರುವರ್ಷ ಮಂಗಳೂರಿಗೆ ಬಂದು, ಮುಂದೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ದೇವಶಾಸ್ತ್ರ ಓದಿದ್ದೂ ಅದೇ ಟ್ಯೂಬಿಂಗನ್‌ನಲ್ಲಿ.

ಅಕ್ಕಪಕ್ಕ ಇಟ್ಟು ಓದಿದವರಿಗೆ ಮಾರ್ಕನೇ ಮೊದಲಿಗನೆಂದು ಕಂಡಿತು. ಮಾರ್ಕನ ವಿಷಯದಲ್ಲಿ ಸುಮಾರು ಶೇ. 90 ಭಾಗ ಮತ್ತಾಯನಲ್ಲೂ ಸಿಗುತ್ತದೆಂದು 1924ರಲ್ಲಿ ಸ್ಟ್ರೀಟರ್ ಲೆಕ್ಕ ಕೊಟ್ಟ. ಎರಡನೇ ಮಹಾಯುದ್ಧದ ನಂತರ ಬೋರ್ನ್‌ಕಾಮ್, ಕಾನ್ಸೆಲ್‌ಮಾನ್ ಮೊದಲಾದವರು ಪ್ರಶ್ನೆಯನ್ನೇ ಬದಲಿಸಿದರು: ಯಾರು ಸರಿ ಎನ್ನುವುದಕ್ಕಿಂತ, ಈತ ಹೀಗೇಕೆ ಹೇಳಿದ? ಆಗ ಯೆರಿಕೋ ಕಥೆಗೆ ಹೊಸ ಬೆಳಕು ಬಿತ್ತು. ಊರೊಳಗೆ ಜಕ್ಕಾಯನ ಮನೆಯಲ್ಲಿ ಯೇಸು ತಂಗುವ ಪ್ರಸಂಗ ಲೂಕನೊಬ್ಬನಲ್ಲೇ ಇದೆ. ಅದಕ್ಕೆ ದಾರಿ ಮಾಡಿಕೊಡಲು ಕುರುಡನ ಕಥೆ ಊರ ಹೊರಗೇ, ಮೊದಲೇ ಬಂದಿರಬೇಕು. ಮತ್ತಾಯನಿಗೆ ಇಬ್ಬರನ್ನು ನಿಲ್ಲಿಸುವ ರೂಢಿಯಿದೆ. ಮಾರ್ಕನಲ್ಲಿ ದೆವ್ವ ಹಿಡಿದವನು ಒಬ್ಬ, ಮತ್ತಾಯನಲ್ಲಿ ಇಬ್ಬರು. 1992ರಲ್ಲಿ ರಿಚರ್ಡ್ ಬರಿಡ್ಜ್ ಸುವಾರ್ತೆಗಳನ್ನು ಗ್ರೀಕ್-ರೋಮನ್ ಜೀವನಚರಿತ್ರೆಗಳ ಸಾಲಿನಲ್ಲಿಟ್ಟರು. ಪ್ಲೂಟಾರ್ಕನೂ ಒಂದೇ ಘಟನೆಯನ್ನು ಬೇರೆ ಬೇರೆ ಜೀವನಚರಿತ್ರೆಗಳಲ್ಲಿ ಬೇರೆ ಬೇರೆಯಾಗಿ ಹೇಳಿದ್ದಾನೆಂದು ಮೈಕ್ ಲಿಕೋನಾ 2017ರಲ್ಲಿ ತೋರಿಸಿದರು.

ಎಲ್ಲ ಗಂಟೂ ಬಿಚ್ಚಿಲ್ಲ. ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಾದರೆ, ಆ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಆದರೆ ಲೂಕ ಹೇಳುವ, ಸಿರಿಯದ ಅಧಿಪತಿ ಕುರೇನ್ಯನ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಯೇಸುವಿನ ಕಡೆಯ ಭೋಜನ ಯೆಹೂದ್ಯರ ಪಸ್ಕ ಹಬ್ಬದ ಊಟವೆಂದು ಮೂವರು, ಪಸ್ಕಕ್ಕೆ ಮುಂಚಿನದೆಂದು ಯೋಹಾನ. 1957ರಲ್ಲಿ ಆನಿ ಜೋಬೆರ್ ಎರಡು ಪಂಚಾಂಗಗಳನ್ನು ಮುಂದಿಟ್ಟು ಸರಿದೂಗಿಸಲು ನೋಡಿದರು. ಹೆಚ್ಚಿನ ವಿದ್ವಾಂಸರು ಒಪ್ಪಲಿಲ್ಲ. ಇಂಥಲ್ಲಿ ಅವಸರದ ಸಮಾಧಾನಕ್ಕಿಂತ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಉಳಿಸಿಕೊಳ್ಳುವುದು ಪ್ರಾಮಾಣಿಕ.

ಮನೆಯಲ್ಲಿ ಕನ್ನಡ ಬೈಬಲ್ ಇರುವವರು ಮಾರ್ಕ 10, ಲೂಕ 18, ಮತ್ತಾಯ 20 ಈ ಮೂರು ಅಧ್ಯಾಯಗಳ ಕೊನೆಯ ಭಾಗವನ್ನು ಒಮ್ಮೆ ಅಕ್ಕಪಕ್ಕ ಇಟ್ಟುಕೊಂಡು ಓದಿ ನೋಡಬೇಕು. ಕಾಲು ಗಂಟೆ ಸಾಕು.