512ರ ಜಾಗಕ್ಕೆ 536 ಬೈಟ್

ವೆಬ್ ಫಾರಂನಲ್ಲಿ ಹೆಸರು ಟೈಪ್ ಮಾಡ್ತಾ ಇರ್ತೀರಿ, ಒಂದು ಹಂತದಲ್ಲಿ ಅಕ್ಷರ ಬೀಳೋದೇ ನಿಂತುಬಿಡುತ್ತೆ. ಕಿರಿಕಿರಿ ಅನ್ಸುತ್ತೆ, ನಿಜ. ಆದರೆ ಈ ತಡೆ ಇಲ್ಲದಿದ್ರೆ ಏನಾಗುತ್ತೆ ಅಂತ ತಿಳಿಯೋಕೆ 1988ರ ನವೆಂಬರ್ 2ಕ್ಕೆ ಹೋಗ್ಬೇಕು.

ಆಗ ಯುನಿಕ್ಸ್ ಕಂಪ್ಯೂಟರ್‌ಗಳಲ್ಲಿ ಫಿಂಗರ್ ಅನ್ನೋ ಸೇವೆ ಇತ್ತು. ಒಬ್ಬರ ಹೆಸರು ಕೊಟ್ಟರೆ ಅವರ ವಿವರ ಹೇಳೋದು ಅದರ ಕೆಲಸ. ಬಂದ ಹೆಸರನ್ನು ಇಟ್ಟುಕೊಳ್ಳಲು ಮೀಸಲಿಟ್ಟ ಜಾಗ 512 ಬೈಟ್. ಓದುತ್ತಿದ್ದದ್ದು ಸಿ ಭಾಷೆಯ ಗೆಟ್ಸ್ ಎಂಬ ಫಂಕ್ಷನ್. ಜಾಗ ಎಷ್ಟಿದೆ ಅಂತ ಇದಕ್ಕೆ ಹೇಳುವ ದಾರಿಯೇ ಇರಲಿಲ್ಲ. ಸಾಲು ಮುಗಿಯೋವರೆಗೂ ತುಂಬುತ್ತಲೇ ಹೋಗ್ತಿತ್ತು. ಕಾರ್ನೆಲ್ ವಿದ್ಯಾರ್ಥಿ ರಾಬರ್ಟ್ ಟ್ಯಾಪನ್ ಮೋರಿಸ್ ಬರೆದ ವರ್ಮ್ ಅಲ್ಲಿಗೆ 536 ಬೈಟ್ ಕಳಿಸಿತು. ಹೆಚ್ಚಾದ 24 ಬೈಟ್ ಪಕ್ಕದ ಮೆಮೊರಿಗೆ ಚೆಲ್ಲಿ, ಕೆಲಸ ಮುಗಿದ ಮೇಲೆ ಪ್ರೋಗ್ರಾಂ ಎಲ್ಲಿಗೆ ಮರಳಬೇಕು ಎಂಬ ವಿಳಾಸವನ್ನೇ ಬದಲಿಸಿತು. ವ್ಯಾಕ್ಸ್ ಯಂತ್ರಗಳು ವರ್ಮ್ ಹೇಳಿದಂತೆ ಕೇಳತೊಡಗಿದವು. ಒಳನುಗ್ಗೋಕೆ ಅದಕ್ಕೆ ಸೆಂಡ್‌ಮೇಲ್, ದುರ್ಬಲ ಪಾಸ್‌ವರ್ಡ್ ಅಂತ ಬೇರೆ ದಾರಿಗಳೂ ಇದ್ದವು ಅನ್ನಿ. ಸಾವಿರಾರು ಕಂಪ್ಯೂಟರ್‌ಗಳು ಕುಂಟಿದವು. ಗೆಟ್ಸ್ ಅನ್ನು ಸಿ ಸ್ಟ್ಯಾಂಡರ್ಡ್‌ನಿಂದ ಕಿತ್ತುಹಾಕಿದ್ದು ಮಾತ್ರ 2011ರಲ್ಲಿ. ನನಗಿದು ಈಗಲೂ ಸೋಜಿಗವೇ.

ವೆಬ್ ಬಂದ ಮೇಲೆ, 1995ರ ಎಚ್‌ಟಿಎಂಎಲ್ 2.0ರಲ್ಲೇ ಮ್ಯಾಕ್ಸ್‌ಲೆಂತ್ ಇತ್ತು. ಬ್ರೌಸರೇ ತಾನಾಗಿ ತಡೆಯುತ್ತೆ. ಆದರೆ ಫಾರಂ ಬಿಟ್ಟು ನೇರವಾಗಿ ಸರ್ವರ್‌ಗೆ ಮಾಹಿತಿ ಕಳಿಸೋದು ಕಷ್ಟವೇನಲ್ಲ. ಹಾಗಾಗಿ ಸರ್ವರ್‌ನಲ್ಲೂ ಅಳೆಯಬೇಕು, ಡೇಟಾಬೇಸ್‌ನಲ್ಲೂ ಮಿತಿ ಇರಬೇಕು. ಒಂದೇ ಸಂಖ್ಯೆ ಮೂರು ಕಡೆ. ಒಂದು ಕಡೆ ಬದಲಿಸಿ ಇನ್ನೊಂದು ಮರೆತರೆ ಮುಗೀತು. 2005ರಲ್ಲಿ ಬಂದ ಜಾಂಗೊದಂಥ ಫ್ರೇಮ್‌ವರ್ಕ್‌ಗಳು ಇಲ್ಲಿ ನೆರವಾದವು: ಉದ್ದವನ್ನು ಒಂದೇ ಕಡೆ ಬರೆದಿಡಿ, ಕಾಲಂ ಅಳತೆಯೂ ಫಾರಂ ತಪಾಸಣೆಯೂ ಅದರಿಂದಲೇ ಹುಟ್ಟುತ್ತವೆ.

ಸರಿ, ಉದ್ದ ಅಂದ್ರೇನು? ‘ಲಕ್ಷ್ಮೀ’ ಅಂತ ಬರೀರಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತ, ವಿರಾಮ ಎಲ್ಲಾ ಸೇರಿ 7. ಯುಟಿಎಫ್-8ರಲ್ಲಿ ತಲಾ 3 ಬೈಟ್, ಒಟ್ಟು 21. ಬ್ರೌಸರ್ ಎಣಿಸೋದು 7 ಅಂತ. ಡೇಟಾಬೇಸ್ ಕಾಲಂ 20 ಬೈಟ್‌ನದ್ದಾಗಿದ್ರೆ, ಇಂಗ್ಲಿಷ್‌ನಲ್ಲಿ 20 ಅಕ್ಷರದ ಹೆಸರಿಗೆ ಜಾಗ ಕೊಡೋ ಫಾರಂನಲ್ಲಿ ಲಕ್ಷ್ಮೀಗೆ ಜಾಗ ಇಲ್ಲ.